ಟರ್ಬೊದ ಬಿಸಿ, ಟರ್ಬೊದ ತಡ

ಶಿರಾಡಿ ಘಾಟಿ ಹತ್ತುವಾಗ ಮುಂದೊಂದು ತುಂಬಿದ ಲಾರಿ. ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗ, ಎರಡನೇ ಗೇರು, ಎಸಿ ಓಡುತ್ತಿದೆ, ಒಳಗೆ ಐದು ಜನ. ದಾರಿ ತೆರವಾದದ್ದು ನೋಡಿ ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತದೆ. ಹೀಗೆ ನಾಲ್ಕೈದು ಲಾರಿ ದಾಟುವಷ್ಟರಲ್ಲಿ ಆ ಕಸುವೂ ಮೊದಲಿನಷ್ಟು ಉಳಿದಿರುವುದಿಲ್ಲ. ಮೊದಲನೆಯದು ಟರ್ಬೊ ಲ್ಯಾಗ್. ಎರಡನೆಯದಕ್ಕೆ ಬಹಳ ಸಲ ಕಾರಣ, ಟರ್ಬೊ ಒತ್ತಿದ ಗಾಳಿಯನ್ನು ತಣಿಸಬೇಕಾದ ಇಂಟರ್‌ಕೂಲರ್ ತಾನೇ ಕಾದುಹೋಗಿರುವುದು. ಎರಡಕ್ಕೂ ಆಕ್ಸೆಸರಿ ಅಂಗಡಿಗಳಲ್ಲಿ ಒಂದೇ ಮದ್ದು ಹೇಳುವುದುಂಟು: ದೊಡ್ಡ ಇಂಟರ್‌ಕೂಲರ್ ಹಾಕಿಸಿ. ಬಿಸಿಯ ಮಟ್ಟಿಗೆ ಈ ಸಲಹೆ ಅರ್ಧ ಸರಿ. ತಡದ ಮಟ್ಟಿಗೆ ಅದು ತಪ್ಪು. ಹಣ ಬಿಚ್ಚುವ ಮೊದಲು ಬಿಸಿ ಎಲ್ಲಿ ಹುಟ್ಟುತ್ತದೆ, ತಡ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಬೇಕು.

ಟರ್ಬೊ ಎಂದರೆ ಒಂದು ಸಣ್ಣ ಶಾಫ್ಟ್, ಅದರ ಎರಡು ತುದಿಗೆ ಎರಡು ಚಕ್ರ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಂದಿನ ಸಣ್ಣ ಕಾರುಗಳ ಟರ್ಬೊ ಶಾಫ್ಟ್ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿಗೆ ಹೋಗಬಲ್ಲದು. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಇಂಧನ ಸುಡಬಹುದು. ಒಂದು ಲೀಟರಿನ ಮೂರು ಸಿಲಿಂಡರ್ ಇಂಜಿನ್ ಹಿಂದಿನ ಒಂದೂವರೆ ಲೀಟರಿನ ಇಂಜಿನ್ ಮಾಡುತ್ತಿದ್ದ ಕೆಲಸ ಮಾಡುವುದು ಹೀಗೆ.

ಬಿಸಿಯ ಲೆಕ್ಕ

ಟರ್ಬೊದ ಮೈ ಕೆಂಪಗೆ ಕಾದಿರುವುದರಿಂದ ಗಾಳಿಯೂ ಕಾಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದರ ಪಾಲು ಸಣ್ಣದು. ಗಾಳಿ ಕಾಯುವುದು ಮುಖ್ಯವಾಗಿ ಅದನ್ನು ಒತ್ತುವುದರಿಂದಲೇ. ಮಂಗಳೂರಿನ ಕಡಲ ಮಟ್ಟದಲ್ಲಿ 35 ಡಿಗ್ರಿ ಸೆಲ್ಸಿಯಸ್‌ನ ಒಂದು ಮಧ್ಯಾಹ್ನ ಎಂದಿಟ್ಟುಕೊಳ್ಳಿ. ಟರ್ಬೊ ಆ ಗಾಳಿಯ ಒತ್ತಡವನ್ನು ಎರಡು ಪಟ್ಟು ಮಾಡುತ್ತದೆ, ಅಂದರೆ ಹೊರಗಿನ ಒತ್ತಡಕ್ಕಿಂತ ಒಂದು ಬಾರ್ ಹೆಚ್ಚು; ಈ ಹೆಚ್ಚಳಕ್ಕೇ ಬೂಸ್ಟ್ ಎನ್ನುವುದು. ಯಾವ ನಷ್ಟವೂ ಇಲ್ಲದ ಆದರ್ಶ ಕಂಪ್ರೆಸರ್ ಆಗಿದ್ದರೂ ಗಾಳಿ ಸುಮಾರು 67 ಡಿಗ್ರಿ ಏರುತ್ತಿತ್ತು. ನಿಜದ ಕಂಪ್ರೆಸರ್‌ನ ದಕ್ಷತೆ ಶೇ 70ರಷ್ಟು ಎಂದು ಹಿಡಿದರೆ ಏರಿಕೆ 96 ಡಿಗ್ರಿ. ಹಾಗಾಗಿ ಕಂಪ್ರೆಸರ್ ದಾಟಿದ ಗಾಳಿ 130 ಡಿಗ್ರಿಯ ಸುತ್ತಮುತ್ತ ಇರುತ್ತದೆ, ನೀರು ಕುದಿಯುವ ಬಿಸಿಗಿಂತ ಹೆಚ್ಚು.

ಬಿಸಿ ಗಾಳಿ ಹಿಗ್ಗುತ್ತದೆ. ಒತ್ತಡ ಎರಡು ಪಟ್ಟಾದರೂ ಒಳಹೋಗುವ ಗಾಳಿಯ ತೂಕ ಎರಡು ಪಟ್ಟಾಗುವುದಿಲ್ಲ; ಮೇಲಿನ ಲೆಕ್ಕದಲ್ಲಿ ಅದು ಒಂದೂವರೆ ಪಟ್ಟು ಮಾತ್ರ. ಇದೇ ಗಾಳಿಯನ್ನು ಇಂಟರ್‌ಕೂಲರ್ 64 ಡಿಗ್ರಿಗೆ ಇಳಿಸಿದರೆ ತೂಕ 1.8 ಪಟ್ಟಿಗೆ ಏರುತ್ತದೆ. ಬೂಸ್ಟ್ ಮೀಟರಿನ ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿರುತ್ತದೆ, ಇಂಜಿನ್ನಿಗೆ ಸಿಗುವ ಆಮ್ಲಜನಕ ಮಾತ್ರ ಬೇರೆ. ಬೂಸ್ಟ್ ಸಂಖ್ಯೆಯನ್ನಷ್ಟೇ ಹೇಳಿ ಹೆಮ್ಮೆ ಪಡುವವರು ಮರೆಯುವುದು ಇದನ್ನೇ.

ಬೆಂಗಳೂರಿಗೆ ಬನ್ನಿ. ಊರು ಕಡಲ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 0.9 ಬಾರ್. ಇಂಜಿನ್ನಿಗೆ ಅಷ್ಟೇ ಗಾಳಿ ಕೊಡಬೇಕಾದರೆ ಟರ್ಬೊ ಎರಡರ ಬದಲು 2.2 ಪಟ್ಟು ಒತ್ತಬೇಕು. 35 ಡಿಗ್ರಿಯ ಏಪ್ರಿಲ್ ದಿನ ಆ ಗಾಳಿ ಇನ್ನೂ 15 ಡಿಗ್ರಿ ಹೆಚ್ಚು ಕಾದು ಹೊರಬರುತ್ತದೆ. ಎತ್ತರದ ಊರಿನಲ್ಲಿ ಟರ್ಬೊ ಇಲ್ಲದ ಕಾರಿನ ಹಾಗೆ ಟರ್ಬೊ ಕಾರು ಸೊರಗುವುದಿಲ್ಲ, ನಿಜ. ಆ ಅನುಕೂಲದ ಬೆಲೆಯನ್ನು ತೆರುವುದು ಇಂಟರ್‌ಕೂಲರ್.

ಪೆಟ್ರೋಲ್ ಇಂಜಿನ್ನಿನಲ್ಲಿ ಬಿಸಿಗೆ ಇನ್ನೊಂದು ಅಪಾಯವಿದೆ: ನಾಕಿಂಗ್. ಸ್ಪಾರ್ಕ್ ಪ್ಲಗ್ ಹಚ್ಚಿದ ಜ್ವಾಲೆ ಸಿಲಿಂಡರಿನ ಮೂಲೆ ತಲುಪುವ ಮೊದಲೇ ಅಲ್ಲಿನ ಬಿಸಿ ಮಿಶ್ರಣ ತಾನಾಗಿ ಸಿಡಿಯುತ್ತದೆ. ಈಗಿನ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ನಾಕ್ ಸೆನ್ಸರ್‌ನಿಂದ ಇದನ್ನು ಗುರುತಿಸಿ, ಕಿಡಿಯನ್ನು ತಡಮಾಡಿ, ಬೇಕಾದರೆ ಬೂಸ್ಟನ್ನೂ ಇಳಿಸುತ್ತದೆ. ಘಾಟಿಯಲ್ಲಿ ಕಸುವು ಇಳಿದಂತೆ ಕಂಡದ್ದರ ಹಿಂದೆ ಇಸಿಯು ಇಂಜಿನ್ನನ್ನು ಕಾಪಾಡುತ್ತಿರುವ ಕೆಲಸವಿರುತ್ತದೆ. ಡೀಸೆಲ್‌ಗೆ ಈ ಭಯವಿಲ್ಲ, ಆದರೆ ಬಿಸಿ ಗಾಳಿಯಿಂದ ಹೊಗೆಯೂ ನೈಟ್ರೋಜನ್ ಆಕ್ಸೈಡುಗಳೂ ಹೆಚ್ಚುತ್ತವೆ. ನಮ್ಮ ಟಾಟಾ ವಾಹನಗಳ ಮೇಲೆ ಟಿಸಿಐಸಿ ಎಂಬ ಅಕ್ಷರಗಳನ್ನು ನೋಡಿದವರಿಗೆ ಗೊತ್ತು, ಟರ್ಬೊದ ಜೊತೆಗೆ ಇಂಟರ್‌ಕೂಲರ್ ಇದೆ ಎಂಬುದೇ ಒಂದು ಕಾಲಕ್ಕೆ ಸಾರಿ ಹೇಳುವ ಸಂಗತಿಯಾಗಿತ್ತು.

ಕಾರು ತಯಾರಕರು ಬಿಸಿಯ ಸಮಸ್ಯೆಯನ್ನು ಎದುರಿಸಿದ ಮೊದಲ ಬಗೆಯೇ ಸ್ವಾರಸ್ಯದ್ದು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರು ಟರ್ಬೊದೊಡನೆ ಬಂದಾಗ ಅದರಲ್ಲಿ ಇಂಟರ್‌ಕೂಲರ್ ಇರಲಿಲ್ಲ. ಬದಲಿಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಒಳಹೋಗುವ ಗಾಳಿಗೆ ಸಿಂಪಡಿಸುತ್ತಿದ್ದರು. ದ್ರವ ಆವಿಯಾಗುತ್ತ ಗಾಳಿಯ ಬಿಸಿ ಹೀರುತ್ತಿತ್ತು. ತಂತ್ರ ಚೆನ್ನಾಗಿತ್ತು, ಆದರೆ ಟ್ಯಾಂಕು ಬರಿದಾದರೆ ಬೂಸ್ಟ್ ಕಡಿತಗೊಳ್ಳುತ್ತಿತ್ತು, ಮತ್ತೆ ಮತ್ತೆ ದ್ರವ ತುಂಬಿಸುವ ತಾಳ್ಮೆ ಮಾಲೀಕರಿಗೆ ಇರಲಿಲ್ಲ. 1978ರಲ್ಲಿ ಪೋರ್ಷೆ ತನ್ನ 911 ಟರ್ಬೊದ ಇಂಜಿನ್ನನ್ನು 3.3 ಲೀಟರಿಗೆ ಹಿಗ್ಗಿಸಿ, ಹಿಂಬದಿಯ ದೊಡ್ಡ ರೆಕ್ಕೆಯ ಕೆಳಗೆ ಇಂಟರ್‌ಕೂಲರ್ ಕೂರಿಸಿತು. ಶಕ್ತಿ 260ರಿಂದ 300 ಅಶ್ವಶಕ್ತಿಗೆ ಏರಿತು. ಜೆಟ್‌ಫೈರಿನ ಉಪಾಯ ಸತ್ತಿಲ್ಲ. 2016ರ ಬಿಎಂಡಬ್ಲ್ಯು ಎಂ4 ಜಿಟಿಎಸ್‌ನಲ್ಲಿ ಅದು ನೀರಿನ ಇಂಜೆಕ್ಷನ್ ಆಗಿ ಮರಳಿತು.

ಇಂಟರ್‌ಕೂಲರ್‌ಗೆ ಬೇಕಾದದ್ದು ಗಾಳಿ

ಇಂಟರ್‌ಕೂಲರ್ ನೋಡಲು ರೇಡಿಯೇಟರಿನ ತಮ್ಮನಂತೆ. ಅಲ್ಯುಮಿನಿಯಂ ಕೊಳವೆಗಳ ಒಳಗೆ ಬೂಸ್ಟ್ ಗಾಳಿ, ಹೊರಗಿನ ಫಿನ್‌ಗಳ ನಡುವೆ ಎದುರು ಗಾಳಿ. ಅದರ ಯೋಗ್ಯತೆಯನ್ನು ಅಳೆಯುವುದು ಸುಲಭ. ಬಿಸಿ ಗಾಳಿ ಹೊರಗಿನ ತಾಪಕ್ಕಿಂತ ಎಷ್ಟು ಮೇಲಿತ್ತು, ಅದರಲ್ಲಿ ಎಷ್ಟು ಪಾಲನ್ನು ಇಂಟರ್‌ಕೂಲರ್ ಕಳೆಯಿತು ಎಂದು ನೋಡಿದರೆ ಸಾಕು. ಮೇಲಿನ ಉದಾಹರಣೆಯಲ್ಲಿ 96ರಲ್ಲಿ 67 ಡಿಗ್ರಿ, ಅಂದರೆ ಶೇ 70. ಗಾಳಿಯಿಂದ ತಣಿಯುವ ಇಂಟರ್‌ಕೂಲರ್ ಎಷ್ಟೇ ದೊಡ್ಡದಾಗಲಿ, ಹೊರಗಿನ ತಾಪಕ್ಕಿಂತ ಕೆಳಗೆ ಇಳಿಸಲಾರದು. ಮೇ ತಿಂಗಳ ರಾಯಚೂರಿನ ಹಾದಿಯಲ್ಲಿ 42 ಡಿಗ್ರಿ ಇದ್ದರೆ ಅದೇ ಅದರ ತಳ.

ಸುಮಾರು 130 ಅಶ್ವಶಕ್ತಿಯ ಕಾರು ಪೂರ್ತಿ ಬಲದಲ್ಲಿ ಹತ್ತುವಾಗ ಇಂಟರ್‌ಕೂಲರ್ ಹೊರಹಾಕಬೇಕಾದ ಬಿಸಿ ಆರೇಳು ಕಿಲೋವ್ಯಾಟ್. ಬಚ್ಚಲುಮನೆಯ ಮೂರು ಗೀಸರುಗಳನ್ನು ಒಟ್ಟಿಗೆ ಹಾಕಿದಷ್ಟು. ಇಷ್ಟು ಬಿಸಿ ಸಾಗಿಸಲು ಫಿನ್‌ಗಳ ನಡುವೆ ತಂಪು ಗಾಳಿ ಹರಿಯುತ್ತಲೇ ಇರಬೇಕು. ಹೆದ್ದಾರಿಯಲ್ಲಿ ಅದು ತಾನಾಗಿ ಹರಿಯುತ್ತದೆ. ಘಾಟಿಯ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹರಿಯುವುದಿಲ್ಲ. ಆಗ ಲೋಹವೇ ಬಿಸಿ ಹೀರಿಕೊಂಡು ಕಾಯುತ್ತದೆ, ಮುಂದೆ ಬರುವ ಗಾಳಿಗೆ ಅದನ್ನೇ ಹಿಂದಿರುಗಿಸುತ್ತದೆ. ಹೀಟ್ ಸೋಕ್ ಎನ್ನುವುದು ಇದಕ್ಕೆ. ದಪ್ಪ, ತೂಕದ ಇಂಟರ್‌ಕೂಲರ್ ಕಾಯಲು ಹೆಚ್ಚು ಹೊತ್ತು ಬೇಕು, ಆದರೆ ಒಮ್ಮೆ ಕಾದರೆ ಆರಲೂ ಹೆಚ್ಚು ಹೊತ್ತು ಬೇಕು.

ಅದನ್ನು ಎಲ್ಲಿ ಕೂರಿಸಿದ್ದಾರೆ ಎಂಬುದು ಇಲ್ಲಿ ಮುಖ್ಯವಾಗುತ್ತದೆ. ಸುಬಾರು ಇಂಪ್ರೆಜಾದಲ್ಲೂ ಮೊದಲ ತಲೆಮಾರಿನ ಫಾರ್ಚೂನರ್‌ನಲ್ಲೂ ಇಂಟರ್‌ಕೂಲರ್ ಇಂಜಿನ್ನಿನ ನೆತ್ತಿಯ ಮೇಲಿತ್ತು. ಬಾನೆಟ್ಟಿನ ಮೇಲಿನ ಬಾಯಿ ಅದಕ್ಕೇ. ಪೈಪು ಗಿಡ್ಡವಾಗುತ್ತದೆ, ಆದರೆ ನಿಂತಾಗ ಕೆಳಗಿನ ಇಂಜಿನ್ನಿನ ಬಿಸಿಯೆಲ್ಲ ಅದಕ್ಕೆ ತಾಗುತ್ತದೆ. ಬಂಪರಿನ ಹಿಂದೆ ಕೂರಿಸಿದರೆ ತಂಪು ಗಾಳಿ ಸಿಗುತ್ತದೆ, ಪೈಪು ಉದ್ದವಾಗುತ್ತದೆ. ಎಸಿ ಕಂಡೆನ್ಸರ್ ಅದರ ಮುಂದಿದ್ದರೆ ಇಂಟರ್‌ಕೂಲರ್‌ಗೆ ತಲುಪುವುದು ಆಗಲೇ ಕಾದ ಗಾಳಿ. ಬೇಸಿಗೆಯಲ್ಲಿ ಎಸಿ ಹಾಕಿದಾಗ ಪಿಕಪ್ ಇಳಿಯುವುದಕ್ಕೆ ಎಸಿ ತಿನ್ನುವ ಶಕ್ತಿಯ ಜೊತೆ ಇದೂ ಕೂಡಿಕೊಳ್ಳುತ್ತದೆ.

ಮೂರನೆಯ ದಾರಿ ನೀರಿನದು. ಬೂಸ್ಟ್ ಗಾಳಿಯ ಬಿಸಿಯನ್ನು ನೀರಿಗೆ ದಾಟಿಸಿ, ಆ ನೀರನ್ನು ಮುಂಭಾಗದ ಪುಟ್ಟ ರೇಡಿಯೇಟರಿನಲ್ಲಿ ಆರಿಸುತ್ತಾರೆ. ಇಂಜಿನ್ನಿನ 90 ಡಿಗ್ರಿಯ ಕೂಲೆಂಟ್ ದಾರಿಯಿಂದ ಬೇರ್ಪಟ್ಟ, ತನ್ನದೇ ಎಲೆಕ್ಟ್ರಿಕ್ ಪಂಪಿರುವ ತಂಪು ದಾರಿ ಇದು. ಫೋಕ್ಸ್‌ವ್ಯಾಗನ್‌ನ ಕೆಲವು ಟಿಎಸ್ಐ ಇಂಜಿನ್ನುಗಳಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗೇ ಕೂತಿದೆ. ಟರ್ಬೊದಿಂದ ಸಿಲಿಂಡರಿನವರೆಗೆ ತುಂಬಬೇಕಾದ ಜಾಗ ಇದರಿಂದ ಅರ್ಧಕ್ಕೂ ಕಡಿಮೆಯಾಯಿತು. ಬಿಸಿ, ತಡ ಎರಡನ್ನೂ ಒಟ್ಟಿಗೆ ಇಳಿಸಿದ ಅಪರೂಪದ ಪರಿಹಾರ ಇದು, ನನ್ನ ಮಟ್ಟಿಗೆ ದಿನಬಳಕೆಯ ಕಾರಿಗೆ ಅತ್ಯುತ್ತಮವಾದದ್ದು. ಒಂದೇ ಎಚ್ಚರ: ಆ ಪುಟ್ಟ ಪಂಪ್ ಕೆಟ್ಟರೆ ಇಂಜಿನ್ ತಾಪದ ಮುಳ್ಳು ಏನೂ ಹೇಳದಿರಬಹುದು, ಕಾರು ಮಾತ್ರ ಸೊರಗುತ್ತದೆ.

ಇರುವ ಇಂಟರ್‌ಕೂಲರ್‌ನಿಂದ ಹೆಚ್ಚು ಕೆಲಸ ಪಡೆಯುವ ಅಗ್ಗದ ದಾರಿ, ಗಾಳಿಯನ್ನು ಅದರ ಮೂಲಕವೇ ಹಾಯಿಸುವುದು. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಪಕ್ಕದಲ್ಲಿ ಎರಡು ಬೆರಳು ಸಂದಿ ಇದ್ದರೆ ಫಿನ್‌ಗಳ ನಡುವೆ ನುಸುಳುವ ಗೋಜಿಗೆ ಹೋಗದೆ ಅಲ್ಲೇ ಜಾರಿಹೋಗುತ್ತದೆ. ಅದಕ್ಕೇ ಕಂಪನಿಯವರು ಬಂಪರಿನ ಹಿಂದೆ ಪ್ಲಾಸ್ಟಿಕ್ ಡಕ್ಟ್ ಮತ್ತು ಫೋಮ್ ಪಟ್ಟಿ ಇಟ್ಟಿರುತ್ತಾರೆ. ಸಣ್ಣ ಅಪಘಾತದ ನಂತರ ಟಿಂಕರಿಂಗ್ ಮುಗಿಸಿ ಬಂಪರ್ ಕೂರಿಸುವಾಗ ಈ ತುಂಡುಗಳು ಮೂಲೆ ಸೇರುವುದು ಸಾಮಾನ್ಯ. ಗಾಡಿ ಬಿಡಿಸಿಕೊಳ್ಳುವಾಗ ಟಾರ್ಚ್ ಹಿಡಿದು ನೋಡಿ, ಇಲ್ಲದಿದ್ದರೆ ಹಾಕಿಸಿ. ಗ್ರಿಲ್ಲಿನ ಮುಂದೆ ಹೆಚ್ಚುವರಿ ದೀಪ, ದಪ್ಪ ಜಾಲರಿ ಹಾಕಿಸಿದರೂ ಗಾಳಿ ತಡೆದಂತೆಯೇ. ಫಿನ್‌ಗಳ ನಡುವೆ ಕೆಂಪು ಧೂಳು, ಹುಲ್ಲಿನ ಬೀಜ, ಸತ್ತ ಹುಳುಗಳು ಮೆತ್ತಿಕೊಂಡಿದ್ದರೆ ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಬೇಕು. ವಾಟರ್ ಸರ್ವಿಸ್ ಗನ್ನನ್ನು ಹತ್ತಿರದಿಂದ ಹಿಡಿದರೆ ಫಿನ್ ಮಡಚಿ ದಾರಿಯೇ ಮುಚ್ಚುತ್ತದೆ.

ಫಿನ್‌ಗಳ ಮೇಲೆ ನೀರು ಸಿಂಪಡಿಸುವುದೂ ಪಳಗಿದ ಉಪಾಯ. ಸುಬಾರು ಎಸ್‌ಟಿಐ ಮತ್ತು ಮಿತ್ಸುಬಿಶಿ ಲ್ಯಾನ್ಸರ್ ಇವೊಲ್ಯೂಷನ್ ಕಾರುಗಳಲ್ಲಿ ಕಂಪನಿಯೇ ಇದನ್ನು ಕೊಟ್ಟಿತ್ತು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಬಿಸಿ ಬೇಕು. ಅಂದರೆ ನೂರು ಮಿಲಿಲೀಟರ್ ನೀರು ಪೂರ್ತಿ ಆವಿಯಾದರೆ ಏಳು ಕಿಲೋವ್ಯಾಟ್ ಬಿಸಿಯನ್ನು ಅರ್ಧ ನಿಮಿಷ ಹೊತ್ತೊಯ್ಯಬಲ್ಲದು. ನಿಜದಲ್ಲಿ ಒಂದಿಷ್ಟು ನೀರು ಹನಿಯಾಗಿಯೇ ಹಾರಿಹೋಗುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಈ ಉಪಾಯ ಕರಾವಳಿಯ ಸೆಕೆಯಲ್ಲಿ ಅಷ್ಟು ಮಾಡದು, ಒದ್ದೆ ಗಾಳಿಯಲ್ಲಿ ನೀರು ನಿಧಾನವಾಗಿ ಆರುತ್ತದೆ. ಬೋರ್‌ವೆಲ್ ನೀರನ್ನಂತೂ ತುಂಬಲೇಬಾರದು. ಅದರ ಸುಣ್ಣ ಫಿನ್‌ಗಳ ಮೇಲೆ ಬಿಳಿ ಪದರವಾಗಿ ಕೂತು ಬಿಸಿ ದಾಟುವುದನ್ನೇ ತಡೆಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸರಿ.

ತಡ ಎಲ್ಲಿಂದ ಬರುತ್ತದೆ

ತಡ ಎಂದು ದೂರುವಾಗ ಎರಡು ಬೇರೆ ಸಂಗತಿಗಳು ಬೆರೆತಿರುತ್ತವೆ. 1,300 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದರೆ ಟರ್ಬೈನ್ ತಿರುಗಿಸುವಷ್ಟು ಹೊಗೆಯೇ ಹುಟ್ಟದಿರಬಹುದು. ಎಷ್ಟು ಕಾದರೂ ಪೂರ್ತಿ ಬೂಸ್ಟ್ ಬರುವುದಿಲ್ಲ, ಮೊದಲು ಇಂಜಿನ್ ವೇಗ ಏರಬೇಕು. ಇದು ಬೂಸ್ಟ್ ಹೊಸ್ತಿಲು. ಹೊಸ್ತಿಲು ದಾಟಿದ ಮೇಲೆ, ಸಾಕಷ್ಟು ಹೊಗೆ ಇದ್ದೂ ಶಾಫ್ಟ್ ವೇಗ ಪಡೆಯಲು ಹಿಡಿಯುವ ಹೊತ್ತು ನಿಜವಾದ ಲ್ಯಾಗ್. ಮೊದಲನೆಯದಕ್ಕೆ ಗೇರು ಇಳಿಸುವುದೇ ಮದ್ದು. ಎರಡನೆಯದಕ್ಕೆ ಇಂಜಿನಿಯರುಗಳು ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ.

ಶಾಫ್ಟ್ ವೇಗ ಎರಡು ಪಟ್ಟಾಗಬೇಕಾದರೆ ಅದರಲ್ಲಿ ತುಂಬಬೇಕಾದ ಶಕ್ತಿ ನಾಲ್ಕು ಪಟ್ಟು. ಚಕ್ರ ದೊಡ್ಡದಾದಂತೆ ಅದರ ಜಡತ್ವ ವ್ಯಾಸದ ಐದನೇ ಘಾತದಂತೆ ಏರುತ್ತದೆ. ಚಕ್ರದ ವ್ಯಾಸವನ್ನು ಶೇ 10ರಷ್ಟು ಹಿಗ್ಗಿಸಿದರೆ ಜಡತ್ವ ಶೇ 60ರಷ್ಟು ಹೆಚ್ಚುತ್ತದೆ. ದೊಡ್ಡ ಟರ್ಬೊ ಸೋಮಾರಿಯಾಗುವುದು ಇದರಿಂದ.

ಇಂಟರ್‌ಕೂಲರ್ ಮತ್ತು ಪೈಪಿನ ಜಾಗದ ಪಾಲೆಷ್ಟು? ದೊಡ್ಡ ಇಂಟರ್‌ಕೂಲರ್‌ನಿಂದ ನಾಲ್ಕು ಲೀಟರ್ ಜಾಗ ಹೆಚ್ಚಾಯಿತು ಎನ್ನೋಣ. ಅದನ್ನು ಒಂದು ಬಾರ್ ಬೂಸ್ಟಿಗೆ ತುಂಬಲು ನಾಲ್ಕು ಲೀಟರ್ ಹೊರಗಾಳಿ ಬೇಕು. ಒಂದೂವರೆ ಲೀಟರಿನ ಇಂಜಿನ್ 2,000 ಆರ್‌ಪಿಎಂನಲ್ಲಿ ಬೂಸ್ಟ್ ಇಲ್ಲದೆಯೇ ಸೆಕೆಂಡಿಗೆ 25 ಲೀಟರ್ ಎಳೆಯುತ್ತದೆ. ಹಾಗಾಗಿ ಜಾಗ ತುಂಬುವ ತಡ ಸೆಕೆಂಡಿನ ಸಣ್ಣದೊಂದು ಪಾಲು. ಇಲ್ಲವೇ ಇಲ್ಲ ಎಂದಲ್ಲ, ಆದರೆ ಒಂದೂವರೆ ಸೆಕೆಂಡಿನ ಲ್ಯಾಗ್‌ಗೆ ಪೈಪನ್ನು ದೂರುವುದು ನ್ಯಾಯವಲ್ಲ. ದೊಡ್ಡ ಇಂಟರ್‌ಕೂಲರ್ ಹಾಕಿಸಿದ್ದರಿಂದ ಲ್ಯಾಗ್ ಕಡಿಮೆಯಾಯಿತು ಎಂಬ ಮಾತನ್ನೂ ನಂಬಬೇಡಿ. ಇಕ್ಕಟ್ಟಾದ ಅಗ್ಗದ ಇಂಟರ್‌ಕೂಲರ್ ಒಳಗಿನ ಒತ್ತಡವನ್ನೇ ತಿಂದರೆ ಟರ್ಬೊ ಅದನ್ನು ತುಂಬಿಕೊಡಲು ಇನ್ನೂ ವೇಗವಾಗಿ ತಿರುಗಬೇಕು, ಗಾಳಿ ಇನ್ನೂ ಕಾಯುತ್ತದೆ. ಒಳ್ಳೆಯದರಲ್ಲಿ ಈ ನಷ್ಟ 0.1 ಬಾರ್‌ನೊಳಗೆ ಇರುತ್ತದೆ.

ಫಾರ್ಮುಲಾ ಒನ್‌ಗೆ ರೆನೊ ತಂಡ 1977ರಲ್ಲಿ ಟರ್ಬೊ ತಂದಾಗ ಒಂದೇ ದೊಡ್ಡ ಟರ್ಬೊ ಇತ್ತು, ತಿರುವಿನಿಂದ ಹೊರಬರುವಾಗ ಲ್ಯಾಗ್ ಚಾಲಕರನ್ನು ಕಾಡುತ್ತಿತ್ತು. 1979ರಲ್ಲಿ ವಿ6 ಇಂಜಿನ್ನಿನ ಎರಡು ಸಾಲಿಗೆ ಎರಡು ಸಣ್ಣ ಟರ್ಬೊ ಹಾಕಿದರು. ಆ ವರ್ಷ ಡಿಜಾನ್‌ನಲ್ಲಿ ಜಾನ್-ಪಿಯರ್ ಜಬೂಯಿ ಫ್ರೆಂಚ್ ಗ್ರ್ಯಾನ್ ಪ್ರೀ ಗೆದ್ದರು, ಟರ್ಬೊ ಇಂಜಿನ್ನಿನ ಮೊದಲ ಫಾರ್ಮುಲಾ ಒನ್ ಗೆಲುವು ಅದು. ಸಣ್ಣ ಚಕ್ರದ ಪಾಠ ಇಂದಿಗೂ ಬದಲಾಗಿಲ್ಲ.

ಡೀಸೆಲ್ ಕಾರುಗಳಲ್ಲಿ ವಿಜಿಟಿ ಎನ್ನುವ ಟರ್ಬೊ ಇನ್ನೊಂದು ದಾರಿ ಹಿಡಿಯಿತು. ಟರ್ಬೈನಿನ ಸುತ್ತ ತಿರುಗಬಲ್ಲ ಎಲೆಗಳಿವೆ; ಹೊಗೆ ಕಡಿಮೆ ಇದ್ದಾಗ ಅವು ಮುಚ್ಚಿಕೊಂಡು ಕಿರಿದಾದ ಸಂದಿಯಿಂದ ರಭಸವಾಗಿ ಹಾಯಿಸುತ್ತವೆ, ಹೆಚ್ಚಾದಾಗ ತೆರೆದುಕೊಳ್ಳುತ್ತವೆ. ಪೆಟ್ರೋಲಿನ ಹೊಗೆ ಇನ್ನೂ ಬಿಸಿಯಾದ್ದರಿಂದ ಈ ಎಲೆಗಳನ್ನು ತಾಳಿಸುವುದು ಕಷ್ಟವಾಗಿತ್ತು. 2006ರ ಪೋರ್ಷೆ 911 ಟರ್ಬೊದಲ್ಲಿ ಅದೂ ಬಂತು. ಟ್ವಿನ್-ಸ್ಕ್ರೋಲ್ ಟರ್ಬೊದಲ್ಲಿ 1 ಮತ್ತು 4ನೇ ಸಿಲಿಂಡರುಗಳ ಹೊಗೆಗೆ ಒಂದು ದಾರಿ, 2 ಮತ್ತು 3ರದಕ್ಕೆ ಇನ್ನೊಂದು. ಒಂದರ ಹೊಗೆಯ ಅಲೆ ಇನ್ನೊಂದನ್ನು ಕೆಡಿಸುವುದಿಲ್ಲ. ಈಗ ವಿದ್ಯುತ್ತೂ ಕೈಜೋಡಿಸಿದೆ. 2016ರ ಆಡಿ ಎಸ್‌ಕ್ಯೂ7ರಲ್ಲಿ 48 ವೋಲ್ಟಿನ ಎಲೆಕ್ಟ್ರಿಕ್ ಕಂಪ್ರೆಸರ್ ಕಾಲು ಸೆಕೆಂಡಿನೊಳಗೆ 70,000 ಆರ್‌ಪಿಎಂ ಮುಟ್ಟಿ, ಟರ್ಬೊ ಏಳುವವರೆಗೆ ಗಾಳಿ ಕೊಡುತ್ತದೆ. ರ‍್ಯಾಲಿ ಕಾರುಗಳು ಗುಂಡು ಹಾರಿದಂತೆ ಸದ್ದು ಮಾಡುವುದು ಆ್ಯಂಟಿ-ಲ್ಯಾಗ್‌ನಿಂದ. ಇಂಧನವನ್ನು ಎಕ್ಸಾಸ್ಟಿನಲ್ಲೇ ಸುಟ್ಟು ಟರ್ಬೈನನ್ನು ತಿರುಗಿಸುತ್ತ ಇಡುತ್ತಾರೆ. ರಸ್ತೆಯ ಕಾರಿಗೆ ಇದು ಬೇಡವೇ ಬೇಡ, ಟರ್ಬೊ ಬಾಳುವುದಿಲ್ಲ. ಸದ್ದಿಗಾಗಿ ಹಾಕಿಸುವ ಬ್ಲೋ-ಆಫ್ ವಾಲ್ವ್‌ನಿಂದಲೂ ಪಿಕಪ್ ಬರುವುದಿಲ್ಲ.

ಗ್ಯಾರೇಜಿಗೆ ಹೋಗುವ ಮೊದಲು

ಕಾರು ಹೊಸದಿದ್ದಾಗ ಇಲ್ಲದ ಲ್ಯಾಗ್ ಈಗ ಬಂದಿದ್ದರೆ ಅದು ದೋಷ, ವಿನ್ಯಾಸದ ಗುಣವಲ್ಲ. ಮೊದಲ ಸಂಶಯ ಟರ್ಬೊ ಹೋಸಿನ ಮೇಲೆ. ಎಣ್ಣೆ ತಾಗಿ ಮೆತ್ತಗಾದ ರಬ್ಬರು ಬೂಸ್ಟ್ ಬಂದಾಗ ಮಾತ್ರ ಬಾಯಿ ಬಿಡುತ್ತದೆ, ನಿಂತಾಗ ಸರಿಯಾಗಿಯೇ ಕಾಣುತ್ತದೆ. ಒತ್ತಿದಾಗ ಸುಯ್ ಎನ್ನುವ ಸದ್ದು, ಡೀಸೆಲ್ ಆದರೆ ಕರಿ ಹೊಗೆ, ಹೋಸಿನ ಕೆಳಗೆ ಎಣ್ಣೆಯ ಜಿಡ್ಡು ಅದರ ಗುರುತು. ಕ್ಲಿಪ್ ಬಿಗಿ ಮಾಡುವುದರಲ್ಲೇ ಮುಗಿಯಬಹುದು. ಇಲ್ಲದಿದ್ದರೆ ಪೈಪಿಗೆ ಹೊಗೆ ತುಂಬಿಸಿ ಸೋರಿಕೆ ಹುಡುಕುವ ಪರೀಕ್ಷೆ ಮಾಡಿಸಿ. ನಂತರ ಏರ್ ಫಿಲ್ಟರ್, ವಿಜಿಟಿಯ ಆ್ಯಕ್ಚುಯೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪು, ಮಸಿ ಹಿಡಿದು ಅಂಟಿಕೊಂಡ ಎಲೆಗಳು, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ, ತೆರೆದೇ ನಿಂತ ಇಜಿಆರ್ ವಾಲ್ವ್. ಇವನ್ನೆಲ್ಲ ನೋಡದೆ ಟರ್ಬೊ ಬದಲಿಸಿ ಎನ್ನುವ ಮೆಕ್ಯಾನಿಕ್‌ನ ಮಾತಿಗೆ ತಕ್ಷಣ ಒಪ್ಪಬೇಡಿ.

ಓಡಿಸುವ ರೀತಿಯಲ್ಲಿ ಒಂದು ಬದಲಾವಣೆ ಸಾಕು. ಮುಂದಿನ ಗಾಡಿ ದಾಟುವ ನಿರ್ಧಾರ ಮಾಡಿದ ಕೂಡಲೇ ಗೇರು ಇಳಿಸಿ, ಆರ್‌ಪಿಎಂ ಮುಳ್ಳು 2,000ದ ಮೇಲೆ ಬಂದ ನಂತರ ಒತ್ತಿ. ಮೇಲಿನ ಗೇರಿನಲ್ಲಿ ನರಳಿಸುತ್ತ ಪೂರ್ತಿ ಒತ್ತುವುದು ಸಣ್ಣ ಟರ್ಬೊ ಪೆಟ್ರೋಲ್ ಇಂಜಿನ್ನಿಗೆ ಕೆಡುಕು: ಕಡಿಮೆ ವೇಗ, ಹೆಚ್ಚು ಬೂಸ್ಟ್ ಇದ್ದಾಗ ಕಿಡಿಗೂ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲದು. ಇದನ್ನು ತಡೆಯುವ ಗುಣವಿರುವ ಎಪಿಐ ಎಸ್‌ಪಿ ದರ್ಜೆಯ ಆಯಿಲ್ ಸಿಗುತ್ತದೆ. ಕಂಪನಿಯ ಕೈಪಿಡಿ ಒಪ್ಪಿದರೆ ಅದನ್ನೇ ಹಾಕಿಸಿ.

ಇಷ್ಟಾದ ಮೇಲೂ ದೊಡ್ಡ ಇಂಟರ್‌ಕೂಲರ್ ಬೇಕೆನಿಸಿದರೆ ಮೊದಲು ಅಳೆಯಿರಿ. ದೋಷ ತಪಾಸಣೆಯ ಓಬಿಡಿ ಕಿಂಡಿಗೆ ಚುಚ್ಚುವ ಸಣ್ಣ ಸ್ಕ್ಯಾನರ್, ಮೊಬೈಲಿನಲ್ಲಿ ಒಂದು ಆ್ಯಪ್ ಇದ್ದರೆ ಒಳಹೋಗುವ ಗಾಳಿಯ ತಾಪ ಕಾಣುತ್ತದೆ. ನೀವೇ ಓಡಿಸುತ್ತ ಪರದೆ ನೋಡಬೇಡಿ, ಪಕ್ಕದವರಿಗೆ ಬರೆದುಕೊಳ್ಳಲು ಹೇಳಿ. ಒಂದು ಉದ್ದದ ಏರಿನಲ್ಲಿ ಆ ತಾಪ ಹೊರಗಿನದಕ್ಕಿಂತ 15–20 ಡಿಗ್ರಿಯಷ್ಟೇ ಮೇಲಿದ್ದರೆ ಕಂಪನಿಯ ಇಂಟರ್‌ಕೂಲರ್ ತನ್ನ ಕೆಲಸ ಚೆನ್ನಾಗಿ ಮಾಡುತ್ತಿದೆ, ಆ ಹಣ ಟೈರಿಗೆ ಹಾಕಿ. ಮತ್ತೆ ಮತ್ತೆ ಒತ್ತಿದಂತೆಲ್ಲ ಈ ಅಂತರ 40, 50 ಎಂದು ಏರುತ್ತ ಹೋಗಿ ಇಳಿಯದಿದ್ದರೆ ಡಕ್ಟ್, ಫಿನ್, ನೀರಿನ ಪಂಪ್ ನೋಡಿ, ಕೊನೆಗೆ ಗಾತ್ರದ ಮಾತು. ಕೆಲವು ಕಾರುಗಳಲ್ಲಿ ಗಾಳಿಯ ತಾಪ ಅಳೆಯುವ ಸೆನ್ಸರ್ ಎರಡು ಕಡೆ ಇರುತ್ತದೆ. ಏರ್ ಫಿಲ್ಟರ್ ಪಕ್ಕದ್ದು ಟರ್ಬೊಗೂ ಮುಂಚಿನ ಗಾಳಿಯನ್ನಷ್ಟೇ ಅಳೆಯುತ್ತದೆ, ನಿಮಗೆ ಬೇಕಾದದ್ದು ಮ್ಯಾನಿಫೋಲ್ಡಿನ ಹತ್ತಿರದ್ದು.